ಕಿಟಕಿಯಿಲ್ಲದ ಕಾರ್ಖಾನೆ, 4,464 ದಿನಗಳ ಜಗಳ

ದಕ್ಷಿಣ ಕೊರಿಯಾದ ಡೇಜಾನ್ ಕಡೆಯ ಆ ಗಿಟಾರ್ ಕಾರ್ಖಾನೆಗೆ ಕಿಟಕಿಗಳಿರಲಿಲ್ಲ. ಕಿಟಕಿ ಇದ್ದರೆ ಕೆಲಸಗಾರರ ಕಣ್ಣು ಹೊರಗೆ ಹೋಗುತ್ತದೆ, ಕಣ್ಣು ಹೊರಗೆ ಹೋದರೆ ಕೈ ನಿಧಾನವಾಗುತ್ತದೆ ಎನ್ನುವುದು ಮಾಲೀಕರ ಲೆಕ್ಕವಾಗಿತ್ತು ಎಂದು ಅಲ್ಲಿ ವರ್ಷಗಟ್ಟಲೆ ದುಡಿದವರು ಆಮೇಲೆ ಸಿಕ್ಕಸಿಕ್ಕ ವೇದಿಕೆಗಳಲ್ಲೆಲ್ಲ ಹೇಳಿದರು. ಒಳಗೆ ಮರ ಕೊಯ್ಯುವ ಯಂತ್ರ, ಉಜ್ಜುವ ಯಂತ್ರ, ಬಣ್ಣ ಸಿಂಪಡಿಸುವ ಗನ್ನು. ಗಾಳಿಯಲ್ಲಿ ಮರದ ಪುಡಿ, ಥಿನ್ನರ್ ವಾಸನೆ. ಹೊರಗೆ ಮಳೆಯೋ ಬಿಸಿಲೋ ತಿಳಿಯಬೇಕಾದರೆ ಊಟದ ಹೊತ್ತು ಆಗಬೇಕು.

ಗಿಟಾರ್ ಮಾಡುವ ಜಾಗ ಎಂದಕೂಡಲೇ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವ ಚಿತ್ರ ಬೇರೆ. ಕನ್ನಡಕ ಹಾಕಿಕೊಂಡ ಒಬ್ಬ ಮುದುಕ, ಮರದ ಹಲಗೆಯನ್ನು ಬೆರಳಲ್ಲಿ ತಟ್ಟಿ ನಾದ ಕೇಳುತ್ತಾ ಕೂತಿರುತ್ತಾನೆ. ಅಂಥವರೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ಕಾಲೇಜು ಹುಡುಗರ ಹೆಗಲ ಮೇಲೆ ಕಾಣುವ ಗಿಟಾರುಗಳು ಹುಟ್ಟುವುದು ಗಾರ್ಮೆಂಟ್ಸ್ ಹಾಗೆಯೇ ಸಾಲಾಗಿ ಜನ ನಿಂತು ದುಡಿಯುವ ಕಡೆ. ಒಬ್ಬರು ದಿನವಿಡೀ ಪಕ್ಕದ ಪಟ್ಟಿಗಳನ್ನು ಬಿಸಿ ಮಾಡಿ ಬಗ್ಗಿಸುತ್ತಾರೆ. ಒಬ್ಬರು ಎದುರು ಹಲಗೆಯ ಒಳಬದಿಗೆ ಆನಿಕೆಯ ಕಡ್ಡಿಗಳನ್ನು ಅಂಟಿಸುತ್ತಾರೆ. ಒಬ್ಬರು ಕತ್ತಿನ ಮೇಲೆ ಲೋಹದ ಮೆಟ್ಟಿಲುಗಳನ್ನು ಬಡಿದು ಕೂರಿಸುತ್ತಾರೆ. ಉಳಿದವರಲ್ಲಿ ಬಹಳ ಜನ ಉಜ್ಜುತ್ತಾರೆ. ಒಂದು ಗಿಟಾರಿಗೆ ಆ ಕನ್ನಡಿಯಂಥ ಹೊಳಪು ಬರಬೇಕಾದರೆ ಒರಟು ಕಾಗದದಿಂದ ನಯ ಕಾಗದದವರೆಗೆ ಹಂತಹಂತವಾಗಿ ಉಜ್ಜಬೇಕು, ಲ್ಯಾಕರ್ ಹೊಡೆಯಬೇಕು, ಒಣಗಿಸಬೇಕು, ಮತ್ತೆ ಉಜ್ಜಬೇಕು, ಮತ್ತೆ ಹೊಡೆಯಬೇಕು. ಉಸಿರಾಟದ ತೊಂದರೆ, ಕೈ ಮತ್ತು ಭುಜದ ನೋವು, ಯಂತ್ರಕ್ಕೆ ಸಿಕ್ಕ ಬೆರಳುಗಳು ಈ ಕೆಲಸದ ಜೊತೆಗೇ ಬರುತ್ತವೆ. ಮರದ ಪುಡಿಯನ್ನು ಕ್ಯಾನ್ಸರ್ ತರುವ ವಸ್ತು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದ್ದು 1995ರಲ್ಲಿ.

ಆ ಪುಡಿಯಲ್ಲಿ ನಮ್ಮ ಪಾಲೂ ಇದೆ. ಗಿಟಾರಿನ ಬೆನ್ನು, ಪಕ್ಕಗಳು ಮತ್ತು ಬೆರಳು ಓಡುವ ಕಪ್ಪು ಪಟ್ಟಿಗೆ ಬಹುಕಾಲ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದರು. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ದಿಮ್ಮಿ ಕಳಿಸುವುದನ್ನು ನಿಲ್ಲಿಸಿದ ಮೇಲೆ ಜಗತ್ತಿನ ಗಿಟಾರ್ ಕಂಪನಿಗಳು ತಿರುಗಿದ್ದು ದಕ್ಷಿಣ ಭಾರತದ ಕಡೆಗೆ. ಅವರು ಇಂಡಿಯನ್ ರೋಸ್‌ವುಡ್ ಎಂದು ಕರೆಯುವುದು ನಮ್ಮ ಮಲೆನಾಡು, ಕೊಡಗಿನ ಬೀಟೆಯನ್ನೇ. ಬೀಟೆ ಕೊಯ್ದ ಬಡಗಿಗಳನ್ನು ಕೇಳಿ ನೋಡಿ, ಅದರ ಹುಡಿಗೆ ಮೈ ಕೆರೆಯುತ್ತದೆ, ಸೀನು ಬರುತ್ತದೆ ಎನ್ನುತ್ತಾರೆ. 2017ರಲ್ಲಿ ಆ ಕುಲದ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕೆಂಬ ನಿಯಮ ಬಂದಾಗ ವಾದ್ಯ ಕಂಪನಿಗಳು ಒಟ್ಟಾಗಿ ಗಲಾಟೆ ಮಾಡಿದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿಯೂ ಸಿಕ್ಕಿತು. ಮರದ ಮೂಲ ಎಲ್ಲಿಯದು ಎಂದು ಕೇಳುವ ಒಂದು ಅಂತರರಾಷ್ಟ್ರೀಯ ಒಪ್ಪಂದವಿದೆ. ಆ ಮರವನ್ನು ಉಜ್ಜಿದವರು ಯಾರು, ಎಂಥ ಕೋಣೆಯಲ್ಲಿ ಎಂದು ಕೇಳುವ ಅಂಥದ್ದೇ ಕಾಗದ ಗಿಟಾರಿನ ಜೊತೆ ಗಡಿ ದಾಟುವುದಿಲ್ಲ.

ಡೇಜಾನ್ ಕಾರ್ಖಾನೆ ಯಾರದು ಎಂಬುದಕ್ಕೆ ಬರೋಣ. ಕಂಪನಿಯ ಬ್ರ್ಯಾಂಡ್ ಹೆಸರು ಕನ್ನಡದಲ್ಲಿ ಬರೆದರೆ ‘ಕೋರ್ಟ್’ ಎಂದಾಗುತ್ತದೆ. ಮುಂದೆ ಈ ಕಥೆಯಲ್ಲಿ ನಿಜವಾದ ಕೋರ್ಟುಗಳು ಬೇಕಾದಷ್ಟು ಬರುವುದರಿಂದ, ಕೊರಿಯನ್ನರ ಬಾಯಲ್ಲಿ ಇರುವ ಹಾಗೆ ‘ಕೋಲ್ಟ್’ ಎಂದೇ ಬರೆಯುತ್ತೇನೆ. 1973ರಲ್ಲಿ ಪಾರ್ಕ್ ಯಂಗ್-ಹೋ ಎಂಬ ಉದ್ಯಮಿ, ಜಪಾನಿನಿಂದ ಗಿಟಾರ್ ತರಿಸಿ ಮಾರುತ್ತಿದ್ದ ಅಮೆರಿಕದ ವ್ಯಾಪಾರಿ ಜ್ಯಾಕ್ ವೆಸ್ಟ್‌ಹೈಮರ್ ಜೊತೆ ಸೇರಿ ಕಟ್ಟಿದ ಸಂಸ್ಥೆ ಇದು. ತನ್ನದೇ ಹೆಸರಿನ ಗಿಟಾರುಗಳ ಜೊತೆಗೆ ಐಬನೆಜ್, ಫೆಂಡರ್‌ನಂಥ ದೊಡ್ಡ ಹೆಸರುಗಳಿಗೂ ಗುತ್ತಿಗೆಯ ಮೇಲೆ ಮಾಡಿಕೊಡುತ್ತಿತ್ತು. ಸೋಲ್ ಪಕ್ಕದ ಇಂಚೆನ್‌ನಲ್ಲಿದ್ದ ಕೋಲ್ಟ್ ಕಾರ್ಖಾನೆಯಲ್ಲಿ ಎಲೆಕ್ಟ್ರಿಕ್ ಗಿಟಾರುಗಳು, ಡೇಜಾನ್ ಕಡೆಯ ಕೋಲ್ಟೆಕ್‌ನಲ್ಲಿ ಅಕೂಸ್ಟಿಕ್ ಗಿಟಾರುಗಳು ತಯಾರಾಗುತ್ತಿದ್ದವು. ಕಾಗದದ ಮೇಲೆ ಎರಡು ಕಂಪನಿ, ಮಾಲೀಕರು ಒಬ್ಬರೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೆಸ್ಟ್‌ಹೈಮರ್‌ಗೆ ಜಪಾನ್ ಬಿಟ್ಟು ಕೊರಿಯಾ ಏಕೆ ಬೇಕಾಯಿತು ಎನ್ನುವುದರಲ್ಲೇ ಅರ್ಧ ಇತಿಹಾಸ ಇದೆ. ಎರಡನೇ ಮಹಾಯುದ್ಧದ ನಂತರ ಅಗ್ಗದ ಗಿಟಾರ್ ಎಂದರೆ ಜಪಾನ್. ನಾಗಾನೊ ಪ್ರಾಂತ್ಯದ ಮಾತ್ಸುಮೊಟೊ ಎಂಬ ಗುಡ್ಡಗಾಡಿನ ಊರಿನಲ್ಲಿ 1960ರಲ್ಲಿ ಶುರುವಾದ ಫುಜಿಗೆನ್ ಕಂಪನಿ ದನದ ಕೊಟ್ಟಿಗೆಯೊಂದರಲ್ಲಿ ಕೆಲಸ ಆರಂಭಿಸಿತ್ತು. ಅಮೆರಿಕದ ಹುಡುಗರು ಬೀಟಲ್ಸ್ ಕೇಳಿ ಹುಚ್ಚಾಗಿ ಗಿಟಾರ್ ಕೊಳ್ಳುತ್ತಿದ್ದ ಕಾಲ ಅದು. 1970ರ ದಶಕದಲ್ಲಿ ಜಪಾನಿನ ಕೂಲಿ ಏರಿತು, ಯೆನ್ ಬಲವಾಯಿತು. ಅಗ್ಗದ ಗಿಟಾರು ಸಮುದ್ರ ದಾಟಿ ಕೊರಿಯಾಕ್ಕೆ ಬಂತು. ಆಗ ಅಲ್ಲಿ ಸೇನಾ ಆಡಳಿತ. ಸಂಘ ಕಟ್ಟಿದವರಿಗೆ ಲಾಠಿ, ಜೈಲು. ರಫ್ತು ಮಾಡುವ ಕಂಪನಿಗೆ ಇದಕ್ಕಿಂತ ಅನುಕೂಲದ ನೆಲ ಇನ್ನೊಂದಿರಲಿಲ್ಲ. ಸಾಮಿಕ್, ಯಂಗ್ ಚಾಂಗ್, ಕೋಲ್ಟ್ ಎಲ್ಲವೂ ದೊಡ್ಡದಾಗಿ ಬೆಳೆದದ್ದು ಆ ದಿನಗಳಲ್ಲಿ.

1987ರ ಬೇಸಿಗೆಯಲ್ಲಿ ಕೊರಿಯಾ ಬೀದಿಗಿಳಿಯಿತು. ಜೂನ್‌ನಲ್ಲಿ ಪ್ರಜಾಪ್ರಭುತ್ವಕ್ಕಾಗಿ, ಜುಲೈ ಮತ್ತು ಆಗಸ್ಟ್‌ನಲ್ಲಿ ಕಾರ್ಖಾನೆಗಳಲ್ಲಿ ಕೂಲಿಗಾಗಿ, ಸಂಘಕ್ಕಾಗಿ. ಮುಂದಿನ ಕೆಲವೇ ವರ್ಷಗಳಲ್ಲಿ ಕೈಗಾರಿಕೆಗಳ ಸಂಬಳ ಜಿಗಿಯಿತು. ಅಗ್ಗದ ಗಿಟಾರು ಮತ್ತೆ ಗಂಟುಮೂಟೆ ಕಟ್ಟಿತು. ಸಾಮಿಕ್ 1992ರಲ್ಲಿ ಇಂಡೊನೇಷ್ಯಾಕ್ಕೆ ಹೋಯಿತು. ಕೋಲ್ಟ್ 1990ರ ದಶಕದ ಮಧ್ಯದಲ್ಲಿ ಇಂಡೊನೇಷ್ಯಾದ ಸುರಬಯದಲ್ಲಿ, ದಶಕದ ಕೊನೆಗೆ ಚೀನಾದ ಡಾಲಿಯನ್‌ನಲ್ಲಿ ಕಾರ್ಖಾನೆ ತೆರೆಯಿತು. ಸುರಬಯ ಶುರುವಾದಾಗ ಇಂಡೊನೇಷ್ಯಾದಲ್ಲಿ ಸುಹಾರ್ತೊ ಆಳ್ವಿಕೆ ಎನ್ನುವುದನ್ನು ಗಮನಿಸಿ.

ಅಲೆದಾಟ ಅಲ್ಲಿಗೂ ನಿಂತಿಲ್ಲ. 2025ರ ಆರಂಭದಲ್ಲಿ, ಯಮಹಾ ಕಂಪನಿ ಇಂಡೊನೇಷ್ಯಾದ ಎರಡು ಪಿಯಾನೊ ಕಾರ್ಖಾನೆಗಳನ್ನು ಮುಚ್ಚಿ ಕೆಲಸವನ್ನು ಚೀನಾ ಮತ್ತು ಜಪಾನಿಗೆ ಒಯ್ಯಲಿದೆ, ಸಾವಿರಕ್ಕೂ ಹೆಚ್ಚು ಜನ ಬೀದಿಗೆ ಬೀಳುತ್ತಾರೆ ಎಂದು ಅಲ್ಲಿನ ಕಾರ್ಮಿಕ ಒಕ್ಕೂಟ ದೂರಿತು. ಚೀನಾದ ಒಳನಾಡಿನ ಗ್ವಿಝೌ ಪ್ರಾಂತ್ಯದಲ್ಲಿ ಝೆಂಗಾನ್ ಎಂಬ ಬಡ ಜಿಲ್ಲೆ ಇದೆ. 1980ರ ದಶಕದ ಕೊನೆಯಿಂದ ಅಲ್ಲಿನ ಯುವಕ ಯುವತಿಯರು ಕರಾವಳಿಯ ಗ್ವಾಂಗ್‌ಡಾಂಗ್‌ಗೆ ವಲಸೆ ಹೋಗುತ್ತಿದ್ದರು. ಹಲವರು ಸೇರಿದ್ದು ಗಿಟಾರ್ ಕಾರ್ಖಾನೆಗಳನ್ನು. 2013ರ ಸುಮಾರಿಗೆ ಸ್ಥಳೀಯ ಆಡಳಿತ ಅವರಲ್ಲಿ ಕೆಲಸ ಕಲಿತು ಸ್ವಂತ ಕಾರ್ಖಾನೆ ಕಟ್ಟಿದವರನ್ನು ವಾಪಸ್ ಕರೆಸಿ ಗಿಟಾರ್ ಕೈಗಾರಿಕಾ ಪ್ರದೇಶ ಮಾಡಿತು. ಈಗ ಅಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಗಿಟಾರುಗಳು ತಯಾರಾಗುತ್ತವೆ. ಊರಿಗೆ ಮರಳಿದ ವಲಸಿಗರ ಕಥೆಯಾಗಿ ಅದು ಚೆನ್ನಾಗಿಯೇ ಇದೆ, ಪ್ರತ್ಯೇಕವಾಗಿ ಬರೆಯಬೇಕಾದದ್ದು. ಆದರೆ ಒಂದು ಊರಿಗೆ ಗಿಟಾರ್ ಬರುವಾಗ ಇನ್ನೊಂದು ಊರಿನಿಂದ ಹೊರಟಿರುತ್ತದೆ. ಹೊರಟ ಊರಿನ ಕಥೆಯನ್ನು ಯಾರೂ ಅಷ್ಟಾಗಿ ಬರೆಯುವುದಿಲ್ಲ.

ಡೇಜಾನ್ ಕಥೆ ಉಳಿದಿದ್ದರೆ ಅದಕ್ಕೆ ಕಾರಣ ಅಲ್ಲಿನವರು ಎದ್ದು ಹೋಗದೆ ಕೂತದ್ದು.

ಡೇಜಾನ್‌ನಲ್ಲಿ ಕಾರ್ಮಿಕ ಸಂಘ ಹುಟ್ಟಿದ್ದು ತಡವಾಗಿ, 2006ರಲ್ಲಿ. ಹತ್ತಾರು ವರ್ಷ ದುಡಿದವರ ಸಂಬಳವೂ ಕನಿಷ್ಠ ವೇತನದ ಆಸುಪಾಸಿನಲ್ಲೇ ಇತ್ತು ಎಂಬುದು ಅವರ ಮೊದಲ ದೂರು. ಸಂಘ ಬಂದ ಮೇಲೆ ಸಂಬಳ ಸ್ವಲ್ಪ ಸುಧಾರಿಸಿತು. ಮರುವರ್ಷವೇ ಎಲ್ಲ ಮುಗಿಯಿತು. 2007ರ ಏಪ್ರಿಲ್‌ನಲ್ಲಿ ಇಂಚೆನ್ ಕಾರ್ಖಾನೆಯ 56 ಜನರನ್ನು ಕೆಲಸದಿಂದ ತೆಗೆದರು. ಅದೇ ತಿಂಗಳು ಡೇಜಾನ್ ಬಾಗಿಲಿಗೆ ‘ಮುಚ್ಚಲಾಗಿದೆ’ ಎಂಬ ನೋಟಿಸು ಬಿತ್ತು, ಜುಲೈನಲ್ಲಿ ಕಾರ್ಖಾನೆ ಪೂರ್ತಿ ಬಂದ್ ಆಯಿತು. 2008ರ ಆಗಸ್ಟ್ ಹೊತ್ತಿಗೆ ಇಂಚೆನ್ ಕೂಡ ಮುಚ್ಚಿತು. ಕಂಪನಿ ಕೊಟ್ಟ ಕಾರಣ ನಷ್ಟ. ಸತತ ಹತ್ತು ವರ್ಷ ಲಾಭ ತೋರಿಸಿದ್ದ ಲೆಕ್ಕಪತ್ರದಲ್ಲಿ 2006ರಲ್ಲಿ ಒಂದು ನಷ್ಟ ಕಾಣಿಸಿತ್ತು. ಸುರಬಯ, ಡಾಲಿಯನ್‌ಗಳಲ್ಲಿ ಕೆಲಸ ಎಂದಿನಂತೆ ನಡೆಯುತ್ತಿತ್ತು.

ಆಮೇಲಿನ ದಿನಗಳನ್ನು ಬರೆಯುವುದು ಕಷ್ಟ. 2007ರ ಡಿಸೆಂಬರ್‌ನಲ್ಲಿ ಇಂಚೆನ್‌ನ ಒಬ್ಬ ಕೆಲಸಗಾರ ಕಾರ್ಖಾನೆಯ ಮುಂದೆ ಮೈಗೆ ಬೆಂಕಿ ಹಚ್ಚಿಕೊಂಡರು, ಬದುಕುಳಿದರು. 2008ರ ಅಕ್ಟೋಬರ್‌ನಲ್ಲಿ ಡೇಜಾನ್ ಸಂಘದ ಮುಖ್ಯಸ್ಥ ಲೀ ಇನ್-ಗುನ್ ಸೋಲ್‌ನ ಹಾನ್ ನದಿ ದಡದ ವಿದ್ಯುತ್ ಟವರ್ ಹತ್ತಿ ಅಲ್ಲೇ 30 ದಿನ ಉಪವಾಸ ಕೂತರು. ಕೊರಿಯಾದ ಕಾರ್ಮಿಕ ಚಳವಳಿಯಲ್ಲಿ ಹೀಗೆ ಎತ್ತರಕ್ಕೆ ಹತ್ತಿ ಕೂರುವುದು ಒಂದು ರೂಢಿಯೇ ಆಗಿದೆ. ನೆಲದ ಮೇಲೆ ನಿಂತು ಕೂಗಿದರೆ ಯಾರೂ ನೋಡುವುದಿಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಜೊತೆಗಿದ್ದವರು ಒಬ್ಬೊಬ್ಬರಾಗಿ ಬೇರೆ ಕೆಲಸ ಹುಡುಕಿಕೊಂಡು ಹೋದರು. ಹೋಗಲೇಬೇಕು, ಮನೆ ನಡೆಯಬೇಕಲ್ಲ. ಉಳಿದವರು ಡೇರೆ ಹಾಕಿ ಕೂತರು. ಮನೆಯಲ್ಲಿ ಮಾಡುವ ಸೋಯಾ ಗೊಜ್ಜು, ಮೆಣಸಿನ ಗೊಜ್ಜು ತಯಾರಿಸಿ ಮಾರಿ ಚಳವಳಿಯ ಖರ್ಚು ತೂಗಿಸಿದರು.

ಇಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು. ಹತ್ತು, ಇಪ್ಪತ್ತು, ಮೂವತ್ತು ವರ್ಷ ಗಿಟಾರ್ ಮಾಡಿದ ಈ ಜನರಲ್ಲಿ ಹೆಚ್ಚಿನವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಅವರಿಗೆ ಅದು ಉಜ್ಜುವ, ಅಂಟಿಸುವ, ಲೆಕ್ಕ ಒಪ್ಪಿಸುವ ವಸ್ತು. ನುಡಿಸುವವರಿಗೂ ಅಷ್ಟೇ, ಮಾಡಿದವರ ಸುಳಿವಿರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಈ ಇಬ್ಬರೂ ಮೊದಲ ಸಲ ಎದುರುಬದುರು ಆದರು. ಸೋಲ್‌ನ ಹೋಂಗ್‌ಡೇ ಪ್ರದೇಶ ಹೊಸ ಬ್ಯಾಂಡುಗಳ ತವರು. ಅಲ್ಲಿನ ಒಂದು ಸಣ್ಣ ನೆಲಮಾಳಿಗೆ ಕ್ಲಬ್‌ನಲ್ಲಿ ಹುಡುಗ ಹುಡುಗಿಯರು ತಿಂಗಳಿಗೊಮ್ಮೆ ಇವರಿಗಾಗಿ ಹಾಡತೊಡಗಿದರು, ವರ್ಷಗಟ್ಟಲೆ ಬಿಡದೆ ನಡೆಸಿದರು. ತಾವು ಹಿಡಿದ ಗಿಟಾರ್ ಇವರ ಕೈಯಿಂದಲೇ ಬಂದಿರಬಹುದು ಎಂಬ ಯೋಚನೆಯೇ ಅವರಿಗೆ ಹೊಸದು. ಕಾರ್ಮಿಕರು ನುಡಿಸಲು ಕಲಿತರು. ‘ಕೋಲ್‌ಬ್ಯಾನ್’ ಎಂಬ ಬ್ಯಾಂಡ್ ಕಟ್ಟಿದರು. 2013ರಲ್ಲಿ ರಂಗ ಕಲಾವಿದರ ಜೊತೆ ಸೇರಿ ಹ್ಯಾಮ್ಲೆಟ್ ಆಡಿದರು. ಐವತ್ತರ ಆಸುಪಾಸಿನ ಮರಗೆಲಸದವರು ವೇದಿಕೆ ಹತ್ತಿ ಶೇಕ್ಸ್‌ಪಿಯರ್ ಮಾತುಗಳನ್ನು ಬಾಯಿಪಾಠ ಒಪ್ಪಿಸಿದರು. ಅವರಲ್ಲಿ ಇಮ್ ಜೇ-ಚುನ್ ಎಂಬುವವರು ಡೇರೆಯಲ್ಲಿ ಎಲ್ಲರಿಗೂ ಅಡುಗೆ ಮಾಡಿ ಹಾಕುತ್ತಿದ್ದ ಸಂಕೋಚದ ಮನುಷ್ಯ. ನಿರ್ದೇಶಕಿ ಲೀ ಸೂ-ಜಂಗ್ 2020ರಲ್ಲಿ ಅವರ ಮೇಲೆ ಮಾಡಿದ ಸಾಕ್ಷ್ಯಚಿತ್ರದ ಹೆಸರನ್ನು ಕನ್ನಡಕ್ಕೆ ತಂದರೆ ‘ಜೇ-ಚುನ್ ಅಕ್ಕ’ ಎಂದಾಗುತ್ತದೆ.

ಕಂಪನಿಯ ಗಿರಾಕಿಗಳು ಹೊರದೇಶದವರು, ಹಾಗಾಗಿ ಇವರೂ ಹೊರದೇಶಕ್ಕೆ ಹೊರಟರು. 2009ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ವಾದ್ಯ ಮೇಳ, ಜಪಾನಿನ ಯೊಕೊಹಾಮ ಮೇಳ. 2010ರ ಜನವರಿಯಲ್ಲಿ ಅಮೆರಿಕದ ಅನಾಹೈಮ್‌ನಲ್ಲಿ ನಡೆಯುವ ನ್ಯಾಮ್ ಮೇಳ. ಜಗತ್ತಿನ ವಾದ್ಯ ವ್ಯಾಪಾರಿಗಳೆಲ್ಲ ಸೇರುವ ಆ ಜಾತ್ರೆಯ ಹೊರಗೆ ನಿಂತು ಕರಪತ್ರ ಹಂಚಿದರು. ರೇಜ್ ಅಗೇನ್‌ಸ್ಟ್ ದ ಮಷೀನ್ ಬ್ಯಾಂಡಿನ ಟಾಮ್ ಮೊರೆಲೊ ಅವರ ಪರವಾಗಿ ಲಾಸ್ ಏಂಜಲೀಸ್‌ನಲ್ಲಿ ಹಾಡಿದರು. ಗಿಟಾರ್ ಬಿಡುಗಡೆಗೆ ಸಾಧನವಾಗಬೇಕು, ಶೋಷಣೆಗೆ ಆಗಬಾರದು ಎಂಬ ಅರ್ಥದ ಮಾತನ್ನೂ ಆಡಿದರು. ಅದೇ ವರ್ಷ ಜಪಾನಿನ ಫುಜಿ ರಾಕ್ ಉತ್ಸವದಲ್ಲೂ ಇವರು ಇದ್ದರು. ಸುದ್ದಿಯಾಯಿತು, ಫೋಟೊ ಬಂತು. ಕಾರ್ಖಾನೆ ತೆರೆಯಲಿಲ್ಲ. ದೊಡ್ಡ ಸಂಗೀತಗಾರರ ಬೆಂಬಲವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಆದರೆ ಗುತ್ತಿಗೆಗೆ ಕೊಟ್ಟ ಕಂಪನಿ ಮತ್ತು ಮಾಡಿಕೊಟ್ಟ ಕಂಪನಿ ಬೇರೆ ಬೇರೆ ಆಗಿರುವವರೆಗೆ ಗಿರಾಕಿಯ ನಾಚಿಕೆ ಕಾರ್ಖಾನೆಯ ಬಾಗಿಲಿಗೆ ಬಂದು ಮುಟ್ಟುವುದು ಕಡಿಮೆ.

ಈಗ ನ್ಯಾಯಾಲಯ. ಕೊರಿಯಾದ ಕಾರ್ಮಿಕ ಕಾನೂನಿನ ಪ್ರಕಾರ ಕಂಪನಿ ತನ್ನ ಆರ್ಥಿಕ ಕಾರಣಕ್ಕೆ ಜನರನ್ನು ತೆಗೆಯಬೇಕಾದರೆ ‘ತುರ್ತು’ ಅಗತ್ಯ ಇರಬೇಕು, ತೆಗೆಯದೆ ಇರಲು ಪ್ರಾಮಾಣಿಕ ಪ್ರಯತ್ನ ಮಾಡಿರಬೇಕು, ಸಂಘಕ್ಕೆ 50 ದಿನ ಮುಂಚೆ ತಿಳಿಸಿ ಮಾತುಕತೆ ನಡೆಸಿರಬೇಕು. ನಮ್ಮಲ್ಲಿ ಇದಕ್ಕೆ ಹೋಲುವ ತಡೆ ಬೇರೆ ರೀತಿಯದು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, 300 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕೆಂದು ಕಾನೂನಿಗೆ ಸೇರಿಸಿದರು. ಆಮೇಲೆ ಆ ಮಿತಿಯನ್ನು 100ಕ್ಕೆ ಇಳಿಸಿದರು. 2020ರ ಕೈಗಾರಿಕಾ ಸಂಬಂಧ ಸಂಹಿತೆ ಮತ್ತೆ 300ಕ್ಕೆ ಏರಿಸಿತು. ಡೇಜಾನ್‌ನಂಥ ಚಿಕ್ಕ ಕಾರ್ಖಾನೆ ನಮ್ಮ ತಾಲೂಕಿನಲ್ಲಿ ಇದ್ದಿದ್ದರೆ ಮುಚ್ಚಲು ಯಾರ ಅನುಮತಿಯೂ ಬೇಕಿರಲಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಬೇಕು.

2009ರ ನವೆಂಬರ್‌ನಲ್ಲಿ ಸೋಲ್ ಹೈಕೋರ್ಟ್ ಡೇಜಾನ್ ಕೆಲಸಗಾರರ ಪರ ತೀರ್ಪು ಕೊಟ್ಟಿತು. ಒಟ್ಟು ಕಂಪನಿ ಗಟ್ಟಿಯಾಗಿರುವಾಗ ಒಂದು ಕಾರ್ಖಾನೆಯ ನಷ್ಟವನ್ನು ಹಿಡಿದುಕೊಂಡು ತುರ್ತು ಎನ್ನುವುದು ಹೇಗೆ ಎಂಬ ದಾರಿಯಲ್ಲಿ ಆ ತೀರ್ಪು ನಡೆದಿತ್ತು. 2012ರ ಫೆಬ್ರವರಿ 23ರಂದು ಸುಪ್ರೀಂ ಕೋರ್ಟ್ ಒಂದೇ ದಿನ ಎರಡು ತೀರ್ಪು ನೀಡಿತು. ಇಂಚೆನ್‌ನವರ ವಜಾ ಅನ್ಯಾಯ ಎಂದಿತು. ಡೇಜಾನ್‌ನವರ ಪ್ರಕರಣವನ್ನು ಮಾತ್ರ ಮತ್ತೆ ವಿಚಾರಣೆ ಮಾಡಿ ಎಂದು ಕೆಳಗೆ ಕಳಿಸಿತು. ಒಬ್ಬನೇ ಮಾಲೀಕ, ಒಂದೇ ವರ್ಷ, ಒಂದೇ ಬಗೆಯ ವಜಾ.

ಗೆದ್ದವರಿಗಾದರೂ ಏನು ಸಿಕ್ಕಿತು? ಇಂಚೆನ್‌ನ ಜನ ತೀರ್ಪು ಹಿಡಿದುಕೊಂಡು ಹೋದರೆ, ನಿಮ್ಮನ್ನು ಕೂರಿಸಲು ಕಾರ್ಖಾನೆಯೇ ಇಲ್ಲ ಎಂದು ಅದೇ ವರ್ಷದ ಮೇ ಕೊನೆಗೆ ಕಂಪನಿ ಅವರನ್ನು ಎರಡನೇ ಸಲ ಕೆಲಸದಿಂದ ತೆಗೆಯಿತು. ಕಾರ್ಖಾನೆ ಮುಚ್ಚಿದ್ದು ಯಾರು ಎಂದು ಕೇಳುವ ಹಾಗಿಲ್ಲ. ಆ ಖಾಲಿ ಕಟ್ಟಡದಲ್ಲಿ ಕಲಾವಿದರು ಮತ್ತು ಕಾರ್ಮಿಕರು ಸೇರಿ ಚಿತ್ರ, ಶಿಲ್ಪ ಮಾಡಿಕೊಂಡು ಕೂತಿದ್ದರು. 2013ರ ಫೆಬ್ರವರಿಯಲ್ಲಿ ಅಲ್ಲಿಂದಲೂ ಬಲವಂತವಾಗಿ ಎಬ್ಬಿಸಿದರು.

ಡೇಜಾನ್ ಪ್ರಕರಣ ಸೋಲ್ ಹೈಕೋರ್ಟಿಗೆ ಮರಳಿ 2014ರ ಜನವರಿಯಲ್ಲಿ ತಿರುವು ಪಡೆಯಿತು. ಈಗ ಸಂಕಷ್ಟ ಇಲ್ಲದಿರಬಹುದು, ಆದರೆ ಮುಂದೆ ಬರಬಹುದಾದ ಸಂಕಷ್ಟವನ್ನು ಎದುರಿಸಲು ಕಾರ್ಖಾನೆ ಮುಚ್ಚಿದ್ದು ಸರಿ ಎಂಬುದು ಹೊಸ ತೀರ್ಪಿನ ಸಾರ. ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಕಾನೂನಿನಲ್ಲಿ ಬರೆದಿದ್ದ ‘ತುರ್ತು’ ಎಂಬ ಪದದ ಬೆನ್ನು ಮುರಿದದ್ದು ಇಲ್ಲೇ. ನಾಳೆ ಬರಬಹುದಾದ ನಷ್ಟವನ್ನು ಯಾರಾದರೂ ಅಳೆದು ಸುಳ್ಳೆಂದು ತೋರಿಸುವುದು ಸಾಧ್ಯವೇ? ಮಾಲೀಕರ ಭಯವೇ ಪುರಾವೆ ಆಗುತ್ತದೆ. ಕೆಲಸಗಾರರ ಭಯಕ್ಕೆ ಅಂಥ ಯೋಗ್ಯತೆ ಯಾವ ತೀರ್ಪಿನಲ್ಲೂ ಸಿಕ್ಕಿದ್ದು ಕಾಣೆ. ಒಂದು ಕಡೆ ಮುಂದಿನ ಹತ್ತು ವರ್ಷದ ಊಹೆ, ಇನ್ನೊಂದು ಕಡೆ ಹಿಂದಿನ ಇಪ್ಪತ್ತು ವರ್ಷದ ಮರದ ಪುಡಿ. ತಕ್ಕಡಿ ಊಹೆಯ ಕಡೆ ಬಾಗಿತು.

ಸೋತವರ ಮೇಲೆ ಗೂಬೆ ಕೂರಿಸುವುದು ಬಾಕಿ ಇತ್ತು. 2015ರ ಸೆಪ್ಟೆಂಬರ್‌ನಲ್ಲಿ ಆಗಿನ ಆಡಳಿತ ಪಕ್ಷ ಸೇನೂರಿಯ ಮುಖ್ಯಸ್ಥ ಕಿಮ್ ಮೂ-ಸಂಗ್, ಗಟ್ಟಿ ಸಂಘಗಳ ಮುಷ್ಕರದಿಂದಲೇ ಇಂಥ ಒಳ್ಳೆಯ ಕಂಪನಿಗಳು ಬಾಗಿಲು ಹಾಕಿದವು ಎಂದು ಕೋಲ್ಟ್ ಹೆಸರು ತೆಗೆದು ಹೇಳಿದರು. ಈ ಮಾತಿನ ಮೂಲ ಹಳೆಯ ಪತ್ರಿಕಾ ವರದಿಯೊಂದರಲ್ಲಿತ್ತು. ಆ ವರದಿ ತಪ್ಪೆಂದು ಕೆಲವು ವರ್ಷಗಳ ಹಿಂದೆಯೇ ತಿದ್ದುಪಡಿ ಪ್ರಕಟವಾಗಿತ್ತು. ನಮ್ಮ ಕಸುಬಿನವರು ಇದನ್ನು ಎರಡು ಸಲ ಓದಿಕೊಳ್ಳಬೇಕು. ತಿದ್ದುಪಡಿ ಒಳಪುಟದಲ್ಲಿ ಬರುತ್ತದೆ, ತಪ್ಪು ವರದಿ ನಾಯಕರ ಬಾಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕಾರ್ಮಿಕರು ಪಕ್ಷದ ಕಚೇರಿ ಎದುರು ಡೇರೆ ಹಾಕಿದರು. ಇಂಚೆನ್ ಸಂಘದ ಮುಖ್ಯಸ್ಥ ಬಾಂಗ್ ಜಾಂಗ್-ಉನ್ 45 ದಿನ ಉಪವಾಸ ಕೂತರು. ಪ್ರಕರಣ ನ್ಯಾಯಾಲಯಕ್ಕೆ ಹೋಯಿತು. 2016ರ ಆಗಸ್ಟ್ 26ರಂದು ಕಿಮ್ ಸಂಸತ್ ಭವನದಲ್ಲಿ ಪತ್ರಕರ್ತರ ಮುಂದೆ ನಿಂತು ಕ್ಷಮೆ ಕೇಳಿದರು. ಇಷ್ಟು ವರ್ಷಗಳಲ್ಲಿ ದೊಡ್ಡವರೊಬ್ಬರ ಬಾಯಿಂದ ಬಂದ ಮೊದಲ ಸ್ಪಷ್ಟ ಕ್ಷಮೆ ಅದೇ ಇರಬೇಕು. ಕಂಪನಿಯ ಕಡೆಯಿಂದ ಆಗಲೂ ಮೌನ.

2018ರ ಮೇ ತಿಂಗಳಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಮುಖ್ಯ ನ್ಯಾಯಮೂರ್ತಿ ಯಾಂಗ್ ಸಂಗ್-ಟೇ ಕಾಲದ ನ್ಯಾಯಾಂಗ ಆಡಳಿತದ ಮೇಲೆ ತನಿಖೆ ನಡೆಯುತ್ತಿತ್ತು. ನ್ಯಾಯಾಲಯದ ಆಡಳಿತ ಕಚೇರಿ ಸಿದ್ಧಪಡಿಸಿದ್ದ ಕಡತವೊಂದರಲ್ಲಿ, ಅಧ್ಯಕ್ಷೆ ಪಾರ್ಕ್ ಗ್ಯುನ್-ಹೇ ಅವರ ಸರ್ಕಾರದ ಧೋರಣೆಗೆ ನ್ಯಾಯಾಂಗ ಹೇಗೆ ಸಹಕರಿಸಿದೆ ಎಂದು ತೋರಿಸುವ ತೀರ್ಪುಗಳ ಪಟ್ಟಿ ಇತ್ತು. ಆ ಪಟ್ಟಿಯಲ್ಲಿ ಕೋಲ್ಟೆಕ್ ಪ್ರಕರಣವೂ ಇತ್ತು. ಡೇರೆಯಲ್ಲಿ ಕೂತಿದ್ದವರಿಗೆ ತಮ್ಮ ಬದುಕು ಯಾವ ವ್ಯವಹಾರದ ಚಿಲ್ಲರೆಯಾಗಿತ್ತು ಎಂದು ಗೊತ್ತಾದದ್ದು ಹೀಗೆ. ಪಾರ್ಕ್ ಅಷ್ಟರಲ್ಲಿ ಪದಚ್ಯುತರಾಗಿ ಜೈಲಿನಲ್ಲಿದ್ದರು. ಯಾಂಗ್ 2019ರ ಜನವರಿಯಲ್ಲಿ ಬಂಧನಕ್ಕೊಳಗಾದರು. 2024ರಲ್ಲಿ ಕೆಳ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಕೋಲ್ಟೆಕ್ ತೀರ್ಪು ಮಾತ್ರ ಇದ್ದ ಹಾಗೆಯೇ ಇತ್ತು.

2019ರ ಹೊತ್ತಿಗೆ ಡೇಜಾನ್ ಕಡೆಯಿಂದ ಸಂಘದಲ್ಲಿ ಉಳಿದವರು 25 ಜನ. ದಿನವೂ ಡೇರೆಯಲ್ಲಿ ಕಾಣುತ್ತಿದ್ದವರು ಮೂವರು. ಲೀ ಇನ್-ಗುನ್, ಕಿಮ್ ಕ್ಯಾಂಗ್-ಬಾಂಗ್, ಇಮ್ ಜೇ-ಚುನ್. ಕಿಮ್ ಅವರಿಗೆ ಅದೇ ವರ್ಷ 60 ತುಂಬುತ್ತಿತ್ತು. ಅಂದರೆ ಕಾರ್ಖಾನೆ ಇದ್ದಿದ್ದರೆ ಅವರ ನಿವೃತ್ತಿ ವರ್ಷ. ನಿವೃತ್ತಿ ದಿನ ದಾಟಿದರೆ ಮರುನೇಮಕದ ಬೇಡಿಕೆಗೆ ಅರ್ಥವೇ ಇರುವುದಿಲ್ಲ. ಗಡಿಯಾರ ಈಗ ಕಂಪನಿಯ ಕಡೆಗಿತ್ತು. ಮಾರ್ಚ್ 12ರಂದು ಇಮ್ ಉಪವಾಸಕ್ಕೆ ಕೂತರು. ಹನ್ನೆರಡು ವರ್ಷ ಬೇರೆಯವರಿಗೆ ಅಡುಗೆ ಮಾಡಿದ ಮನುಷ್ಯ 42 ದಿನ ಊಟ ಬಿಟ್ಟರು.

ಏಪ್ರಿಲ್ 22ರಂದು, ಕಾರ್ಮಿಕರು ಇಟ್ಟುಕೊಂಡಿದ್ದ ಲೆಕ್ಕದ ಪ್ರಕಾರ 4,464ನೇ ದಿನ, ಒಪ್ಪಂದವಾಯಿತು. ಕಾರ್ಮಿಕರು ಪಟ್ಟ ಕಷ್ಟಕ್ಕೆ ಕಂಪನಿ ವಿಷಾದ ವ್ಯಕ್ತಪಡಿಸಿತು. ಪಾರ್ಕ್ ಯಂಗ್-ಹೋ ಮಾತುಕತೆಯ ಮೇಜಿಗೆ ಸ್ವತಃ ಬಂದರು. 25 ಜನರಿಗೆ ಪರಿಹಾರ ಎಂದಾಯಿತು, ಮೊತ್ತ ಬಹಿರಂಗವಾಗಲಿಲ್ಲ. ವಿಷಾದ ಮತ್ತು ಕ್ಷಮೆ ಎರಡೂ ಬೇರೆ ಪದಗಳು. ಯಾವುದನ್ನು ಬರೆಯಬೇಕು ಎಂಬುದೇ ಇಂಥ ಒಪ್ಪಂದಗಳಲ್ಲಿ ಕೊನೆಯವರೆಗೂ ಎಳೆದಾಡುವ ವಿಷಯ. ಇಲ್ಲಿ ಉಳಿದದ್ದು ವಿಷಾದ.

ಮೂವರಿಗೆ ಮರುನೇಮಕವೂ ಸಿಕ್ಕಿತು. ಅದರ ಬಗೆ ಹೀಗಿತ್ತು. ಮೇ 2ರಿಂದ ಅವರು ಕೋಲ್ಟೆಕ್ ನೌಕರರು. ಹೋಗಲು ಕಾರ್ಖಾನೆ ಇಲ್ಲ, ಮಾಡಲು ಕೆಲಸ ಇಲ್ಲ. ಮೇ 30ರಂದು ತಾವಾಗಿಯೇ ರಾಜೀನಾಮೆ ಕೊಡಬೇಕು. ತಿಂಗಳೂ ತುಂಬದ ಈ ನೌಕರಿಯನ್ನು ನೋಡಿ ನಗಬೇಕೋ ಅಳಬೇಕೋ ಎನಿಸುವುದು ಸಹಜ. ನನಗೆ ಹಾಗನ್ನಿಸುವುದಿಲ್ಲ. 2007ರಲ್ಲಿ ಅವರು ಹೊರಗೆ ತಳ್ಳಿಸಿಕೊಂಡು ಹೋಗಿದ್ದರು. 2019ರಲ್ಲಿ ಒಳಗೆ ಕರೆಸಿಕೊಂಡು, ತಮ್ಮ ಸಹಿ ಹಾಕಿ ಹೊರಬಂದರು. ಆ ಒಂದು ಸಹಿಗಾಗಿ ಹನ್ನೆರಡು ವರ್ಷ ಕಳೆಯುವುದು ಸರಿಯೇ ಎಂದು ನಾವು ಕೇಳಬಹುದು. ಕೇಳಬೇಕಾದ ಜಾಗ ಮಾತ್ರ ಡೇರೆ ಅಲ್ಲ.

ಈ ಒಪ್ಪಂದ ಡೇಜಾನ್‌ನವರಿಗೆ ಸಂಬಂಧಿಸಿದ್ದು ಮಾತ್ರ. ಸುರಬಯದ ಕಾರ್ಖಾನೆ ಈಗಲೂ ನಡೆಯುತ್ತಿದೆ. ಕೋಲ್ಟ್ ಗಿಟಾರುಗಳು ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತವೆ. ಇಮ್ ಜೇ-ಚುನ್ 2022ರ ಡಿಸೆಂಬರ್ ಕೊನೆಯಲ್ಲಿ ತೀರಿಕೊಂಡರು.